ಲಕ್ಷ್ಮಿಯ ಕೈ ಬದಲಿಸಿದವಳಿಗೆ

ಅಕ್ಕಾ,

ನೀನು ಹೋಗಿ ವರ್ಷವಾಯಿತು. ಈಗ ಬರೆಯುತ್ತಿರುವುದು ದುಃಖಕ್ಕಲ್ಲ, ಸಿಟ್ಟಿಗೆ. ಭಾವನ ಮೇಲಿನ ಸಿಟ್ಟನ್ನು ನಿನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ?

ಗುಬ್ಬಿಯ ಮನೆಯಲ್ಲಿ ನೀನು ಹಳೇ ಕ್ಯಾಲೆಂಡರಿನ ಲಕ್ಷ್ಮಿಯನ್ನು ಮುಂದಿಟ್ಟುಕೊಂಡು ಕತ್ತರಿ ಹಿಡಿದು ಕೂತಿದ್ದ ಭಾನುವಾರ ನೆನಪಾಗುತ್ತದೆ. ಯುದ್ಧ ಕಂಡು ರೋಸಿಹೋದ ಯುರೋಪಿನ ಕಲಾವಿದರು ಹೀಗೇ ಪೇಪರು ಕತ್ತರಿಸಿ ಅಂಟಿಸುತ್ತಿದ್ದರು, ದೇವರ ಹಳೇ ಚಿತ್ರಗಳನ್ನೂ ಬಿಡಲಿಲ್ಲ, ಆ ಪಂಥದ ಹೆಸರು ದಾದಾ ಎಂದೆ. ಡ್ರಾಯಿಂಗ್ ಟೀಚರ್ ಅಲ್ಲವೇ ನೀನು, ಎಲ್ಲ ಪಾಠವೇ. "ದಾದಾ ಅಂದ್ರೆ ರೌಡಿಗಳಾ?" ಎಂದು ನಾನು ಕೇಳಿದ್ದಕ್ಕೆ ಎಷ್ಟು ನಕ್ಕೆ...

ಲಕ್ಷ್ಮಿಯ ನಾಲ್ಕು ಕೈಗಳನ್ನೂ ನೀನು ಕತ್ತರಿಸಿ ತೆಗೆದು ಪತ್ರಿಕೆಗಳಲ್ಲಿ ಸಿಕ್ಕ ಕೈಗಳನ್ನು ಕೂರಿಸಿದೆ. ಒಂದರಲ್ಲಿ ಸೌಟು, ಒಂದರಲ್ಲಿ ಚಾಕ್‌ಪೀಸು, ಇನ್ನೊಂದು ಬಸ್ಸಿನ ಕಂಬಿಗೆ ಜೋತುಬಿದ್ದದ್ದು. ನಾಲ್ಕನೆಯದು ಖಾಲಿ ಅಂಗೈ. ಕಮಲದ ಜಾಗದಲ್ಲಿ ಗ್ಯಾಸ್ ಒಲೆ, ಆನೆಗಳ ಜಾಗದಲ್ಲಿ ಹೆಲಿಕಾಪ್ಟರು. "ನಮ್ಮೂರ ಹತ್ರಾನೇ ತಯಾರಾಗ್ತವಲ್ಲ, ಅವೂ ಸೇವೆ ಮಾಡ್ಲಿ ಬಿಡೇ" ಎಂದೆ. ಅಂಟಿಸಿ ಮುಗಿದ ಮೇಲೆ ಅದಕ್ಕೆ ಕೈಮುಗಿದೆ. ಕಣ್ಣಾರೆ ಕಂಡವಳು ನಾನು. ಅಪಚಾರ ಎನ್ನುವವರಿಗೆ ಅದು ಗೊತ್ತಾ?

ಹೋದ ತಿಂಗಳು ನಿನ್ನ ನೆನಪಿಗೆಂದು ಭಾವ ತುಮಕೂರಿನ ಶಿರಾ ಗೇಟ್ ಹತ್ತಿರದ ಸಭಾಂಗಣದಲ್ಲಿ ನಿನ್ನ ಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಕುಣಿಗಲ್‌ನಿಂದ ಬಂದವಳು ಬಸ್ಸಿಳಿದು ನೇರ ಅಲ್ಲಿಗೇ ಹೋದೆ. ಗೋಡೆಯ ನಡುವೆ ನಿನ್ನ ಲಕ್ಷ್ಮಿಗೆ ನೀನು ಹಾಕಿಸಿದ್ದ ಅದೇ ಫ್ರೇಮು. ಒಳಗೆ ಮಾತ್ರ ಕಮಲ, ನಾಣ್ಯ, ಆನೆ ಎಲ್ಲ ಇರುವ ಹೊಸ ಕ್ಯಾಲೆಂಡರ್ ಲಕ್ಷ್ಮಿ. ಕೆಳಗೆ ನಿನ್ನ ಹೆಸರು! ಭಾವ ಮೊದಲು ನೀನು ಅಂಟಿಸಿದ್ದನ್ನಷ್ಟೇ ಕೀಳಲು ಹೋಗಿದ್ದರಂತೆ. ಅಡಿಯಲ್ಲಿ ಬರೀ ತೂತು ಕಂಡು ಇಡೀ ಚಿತ್ರವನ್ನೇ ರದ್ದಿಗೆ ಹಾಕಿದರಂತೆ.

"ನಾಕು ಜನ ಬರೋ ಕಡೆ ದೇವ್ರನ್ನ ಹಂಗ್ ತೋರ್ಸೋಕಾಗುತ್ತಾ? ಅವಳ ಮರ್ಯಾದೆ ಉಳಿಸಿದೀನಿ ಕಣಮ್ಮ" ಎಂದರು ಭಾವ. ಯಾರ ಮರ್ಯಾದೆ? ನೀನು ಬದುಕಿದ್ದಾಗ ಒಂದು ಚಿತ್ರದ ಮುಂದೂ ನಿಲ್ಲದವರು ಮೈಕ್ ಹಿಡಿದು, ಎಂಥ ಸಾತ್ವಿಕ ಹೆಣ್ಣುಮಗಳು ಎಂದು ಹೊಗಳಿದರು. ನಾನು ಎದ್ದು ನಿಂತು, ಚಿತ್ರಕ್ಕೆ ಆದದ್ದನ್ನು ಹೇಳಲು ಹೊರಟೆ. ಮನೆ ಜಗಳ ಇಲ್ಲಿ ಬೇಡ ಎಂದು ಭಾವ ಗದರಿದರು. ಕೂತುಬಿಟ್ಟೆ.

ಆಗ ಎದ್ದವಳು ನಿನ್ನ ಮಗಳು ಚೈತ್ರ. ಅಪ್ಪನೆದುರು ಎಂದೂ ದನಿ ಎತ್ತದವಳು ಸೀದಾ ಹೋಗಿ ನಿನ್ನ ಹೆಸರಿನ ಚೀಟಿಯನ್ನು ಕಿತ್ತಳು. ಆಗಲೂ ದನಿ ಎತ್ತಲಿಲ್ಲ.

"ಇದು ಅಮ್ಮ ಮಾಡಿದ್ದಲ್ಲ ಅಪ್ಪ. ಅಮ್ಮ ಮಾಡಿದ್ದನ್ನ ನೀನು ಎಸ್ದಿದೀಯ."

ಭಾವ ಮೈಕ್ ಕೆಳಗಿಟ್ಟು ಹೊರಗೆ ನಡೆದರು.

ಮಗಳನ್ನು ಎತ್ತಿಕಟ್ಟಿದವಳು ನಾನೇ ಎಂದು ಅಂದಿನಿಂದ ಅವರು ನನ್ನ ಜೊತೆ ಮಾತಾಡುತ್ತಿಲ್ಲ. ಇರಲಿ ಬಿಡು. ಚೈತ್ರ ಚಿತ್ರಕಲೆಯನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ ಅಕ್ಕಾ. ಭಾವ ಒಪ್ಪದಿದ್ದರೆ ಕುಣಿಗಲ್‌ಗೆ ಕರೆದುಕೊಂಡು ಬಂದು ನಾನೇ ಓದಿಸುತ್ತೇನೆ. ಅವಳು ಮಾಡುವುದನ್ನು ತಿದ್ದಲು ಬರುವವರಿಗೆ ಮೊದಲು ನಾನು ಸಿಗುತ್ತೇನೆ.

ನಿನ್ನ ತಂಗಿ