ಅಪ್ಪನ ಹೆಸರಿನ ಕರಪತ್ರ

ಓಲ್ಡ್ ಟೌನ್, ಭದ್ರಾವತಿ
ಸೋಮವಾರ, 10 ನವೆಂಬರ್ 2025

ಪ್ರೀತಿಯ ಅಪ್ಪಾ,

ನಿನ್ನ ಹೆಸರನ್ನೂ ನಿನ್ನ ಸಕ್ಕರೆಯ ಅಂಕಿಯನ್ನೂ ಹಾಕಿ ಕರಪತ್ರ ಮಾಡಿ, ಆಯುಧಪೂಜೆಯ ದಿನ ನಿನ್ನ ಗೆಳೆಯರ ಕೈಗೆಲ್ಲ ಹಂಚಿದ್ದು ತಪ್ಪು. ಮಾಡಿದವಳು ನಾನೊಬ್ಬಳೇ. ಅಮ್ಮ ಹೇಳಿಕೊಟ್ಟಿದ್ದಲ್ಲ, ಅಕ್ಕನಿಗೆ ಗೊತ್ತಿರಲಿಲ್ಲ. ಜೆರಾಕ್ಸ್ ಅಂಗಡಿಯವನು ಕೂಡ “ಇದು ಬೇಕಾ ಕವನಾ, ನಿಮ್ಮಪ್ಪ ಓದ್ತಾರಲ್ವಾ” ಎಂದು ಕೇಳಿದ್ದ. ಓದಲಿ ಅಂತಲೇ ಮಾಡಿಸ್ತಿರೋದು ಎಂದು ಅವನ ಬಾಯಿ ಮುಚ್ಚಿಸಿದ್ದೆ. ಇಷ್ಟನ್ನು ಮೊದಲು ಬರೆಯದೆ ಕ್ಷೇಮಸಮಾಚಾರ ಕೇಳಲು ಕೂತರೆ ನೀನು ಎರಡನೇ ಸಾಲಿಗೆ ಪತ್ರ ಮಡಚಿಡುತ್ತೀಯ, ಅದಕ್ಕೇ ಬರೆದೆ.

ಈಗ ಕೇಳುತ್ತೇನೆ, ಹೇಗಿದ್ದೀಯ? ಅಂಗಾಲಿನ ಉರಿ ಕಡಿಮೆಯಾಯಿತಾ? ನಿದ್ದೆ ಬರುತ್ತದಾ? ಬೆಳಗಿನ ಮಾತ್ರೆಯ ಬಗ್ಗೆ ಕೇಳಬೇಕೆಂದು ಪೆನ್ನು ಹೊರಟಿತ್ತು, ತಡೆದೆ. ಅದನ್ನು ಸಮತಕ್ಕ ನೋಡಿಕೊಳ್ಳುತ್ತಾಳೆ. ಶಿವಮೊಗ್ಗದಲ್ಲಿ ತನ್ನ ಮನೆಯಿರುವ ರಾಗಿಗುಡ್ಡದ ಕಡೆ ಬೆಳಿಗ್ಗೆ ಗಾಳಿ ತಣ್ಣಗಿರುತ್ತದೆ, ಮನೆಯ ಮುಂದೆಯೇ ಜನ ವಾಕಿಂಗ್ ಹೋಗುತ್ತಾರೆ ಎಂದು ಅವಳು ಫೋನಿನಲ್ಲಿ ಹೇಳಿದಳು. ಆದರೆ ನೀನು ಅಲ್ಲಿಗೆ ಹೋಗಿ ಐದು ವಾರವಾದರೂ ಗೇಟು ದಾಟಿಲ್ಲವಂತೆ. ಜ್ಞಾನೇಶ್ ಭಾವ ಹಾಲಿನ ಅಂಗಡಿಗೆ ಕರೆದರೂ “ನೀವು ಹೋಗ್ಬನ್ನಿ” ಅಂತೀಯಂತೆ. ಕೆಂಪಗೆ ಕಾದ ಸರಳುಗಳ ಪಕ್ಕ ಮೂವತ್ತೆರಡು ವರ್ಷ ನಿಂತು ದುಡಿದ ಮನುಷ್ಯ, ಬೆಳಗಿನಿಂದ ಸಂಜೆವರೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ! ದೀಪಾವಳಿಗೂ ನೀನು ಬರಲಿಲ್ಲ. ನನ್ನ ಹೆಸರು ಕಂಡರೆ ಫೋನನ್ನು ಅಕ್ಕನ ಕೈಗೆ ಕೊಡುತ್ತೀಯ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನಾದರೂ ಕೊನೆಯವರೆಗೆ ಓದುವ ನೀನು ಇದನ್ನೂ ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕರಪತ್ರದ ಹುಚ್ಚು ನನಗೆ ಎಲ್ಲಿಂದ ಬಂತು ಎಂದು ಅಮ್ಮ ಈಗಲೂ ಕೇಳುತ್ತಾಳೆ. ಅವಳಿಗೆ ಮರೆತಿದೆ, ನನಗೆ ಮರೆತಿಲ್ಲ. ಅಕ್ಷರ ಕಲಿಸಿದ್ದು ಶಾಲೆ; ಓದುವ ಚಟ ಹತ್ತಿಸಿದ್ದು ನಿನ್ನ ಊಟದ ಕ್ಯಾರಿಯರ್. ಕಾರ್ಖಾನೆಯ ಗೇಟಿನಲ್ಲಿ ಕೊಟ್ಟ ಕರಪತ್ರಗಳನ್ನು ಮಡಚಿ ಖಾಲಿ ಡಬ್ಬಿಯೊಳಗೆ ಇಟ್ಟುಕೊಂಡು ತರುತ್ತಿದ್ದೆಯಲ್ಲ, ಸಾರಿನ ವಾಸನೆಯ ಆ ಗುಲಾಬಿ, ಹಳದಿ ಕಾಗದಗಳನ್ನು ನಾನು ಹೊಸ್ತಿಲಲ್ಲಿ ಕೂತು ಜೋರಾಗಿ ಓದುತ್ತಿದ್ದೆ. “ಕಾರ್ಮಿಕ ಬಂಧುಗಳೇ” ಎಂದು ನಾನು ಕೂಗಿದರೆ ನೀನು ಕಾಲು ತೊಳೆಯುತ್ತ “ಏನ್ರೀ” ಎನ್ನುತ್ತಿದ್ದೆ. ಆಮೇಲೆ ಆಸ್ಪತ್ರೆಯ ಗೋಡೆಯ ಪಕ್ಕ ಇಟ್ಟಿರುತ್ತಿದ್ದ ಕೈಪಿಡಿಗಳು, ಆರೋಗ್ಯ ಶಿಬಿರದಲ್ಲಿ ಕೊಟ್ಟ ಹಾಳೆಗಳು, ಎಲ್ಲ ಸೇರಿಸಿ ಒಂದು ರಟ್ಟಿನ ಪೆಟ್ಟಿಗೆ ತುಂಬಿಸಿದೆ. ತಟ್ಟೆಯ ಅರ್ಧ ತರಕಾರಿ ಇರಬೇಕು, ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಬೇಕು, ಇವೆಲ್ಲ ನನಗೆ ಮಗ್ಗಿಯಂತೆ ಬಾಯಿಪಾಠ. ಒಂದು ಮಾತೂ ಸುಳ್ಳಲ್ಲ. ಇವತ್ತಿಗೂ ಒಂದಕ್ಷರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅದಕ್ಕೇ ಆ ದಿನ ನಾನು ಅಷ್ಟು ಧೈರ್ಯದಿಂದ ಶೇಷಪ್ಪನ ಟೀ ಅಂಗಡಿಗೆ ಬಂದೆ. ನಿವೃತ್ತರಾದ ಮೇಲೂ ನಿಮ್ಮ ಉಕ್ಕಿನ ಮಿಲ್ಲಿನವರೆಲ್ಲ ಆಯುಧಪೂಜೆಗೆ ಅಲ್ಲಿ ಸೇರುತ್ತೀರಲ್ಲ, ಅವನ ಬಾಯ್ಲರಿಗೆ ಚೆಂಡುಹೂವಿನ ಹಾರ ಹಾಕಿತ್ತು, ನಿನ್ನ ಕೈಯಲ್ಲಿ ಮೈಸೂರು ಪಾಕಿನ ತುಂಡಿತ್ತು. “ಸಕ್ಕರೆ ಎಂಬ ಶತ್ರು ನಮ್ಮ ಓಣಿಯಲ್ಲೇ” ಎಂದು ಮೇಲೆ ದಪ್ಪಕ್ಷರ. ಕೆಳಗೆ “ಶ್ರೀ ಕೃಷ್ಣಪ್ಪ, ನಿವೃತ್ತ ಕಾರ್ಮಿಕ, ವಯಸ್ಸು 64, ಊಟದ ನಂತರದ ಸಕ್ಕರೆ 286. ಇವರಿಗೆ ಯಾರೂ ಸಿಹಿ ಕೊಡಬಾರದು.” ಎಲ್ಲರಿಗೂ ಕೊಟ್ಟು ಕೊನೆಗೆ ನಿನಗೂ ಒಂದು ಕೊಟ್ಟೆ. ನೀನು ಪೂರ್ತಿ ಓದಿದೆ. ಮಡಚಿ ಅಂಗಿಯ ಜೇಬಿಗೆ ಹಾಕಿದೆ. ಮೈಸೂರು ಪಾಕನ್ನು ತಟ್ಟೆಯಲ್ಲಿಟ್ಟು, ಯಾರಿಗೂ ಹೋಗಿಬರ್ತೀನಿ ಅನ್ನದೆ ಮನೆಗೆ ನಡೆದೆ. ಭಾನುವಾರ ಬ್ಯಾಗು ಹಿಡಿದು ಶಿವಮೊಗ್ಗದ ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ ಅಪ್ಪಾ, ಆ ಮೂರು ದಿನ ನಾನು ಗೆದ್ದೆ ಅಂದುಕೊಂಡಿದ್ದೆ. ಅಪ್ಪ ಮೈಸೂರು ಪಾಕು ಕೆಳಗಿಟ್ಟನಲ್ಲ, ಕೆಲಸವಾಯಿತು ಎಂದು.

ನೀನು ಹೋದ ಮೇಲೆ ನಿನ್ನ ಮಿಲ್ಲಿನ ಗೆಳೆಯ ಏಕಾಂತಪ್ಪ ಮಾಮ ಬಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತೇ “ಅಲ್ಲ ಕಣೇ, ಗೇಟಿನ ಕರಪತ್ರ ಅಷ್ಟು ಓದಿದೀಯ, ಅದರಲ್ಲಿ ಯಾರ ಹೆಸರು ಬರುತ್ತೆ ಅಂತ ಒಂದ್ಸಲನೂ ನೋಡ್ಲಿಲ್ವಾ?” ಎಂದರು. ಉತ್ತರವನ್ನೂ ಅವರೇ ಕೊಟ್ಟರು. “ಕೆಲಸಗಾರರಿಗೆ ಮೋಸ ಮಾಡಿದೋರ ಹೆಸರು ಬರುತ್ತೆ. ಇಲ್ಲಾಂದ್ರೆ ಸ್ಟ್ರೈಕ್ ಮುರಿದು ಹಿಂದಿನ ಬಾಗಿಲಲ್ಲಿ ಒಳಗೆ ಹೋದೋರ ಹೆಸರು. ಒಳ್ಳೆಯವನ ಹೆಸರು ಯಾವತ್ತಾದ್ರೂ ಬಂದಿದ್ಯಾ? ಕೃಷ್ಣಪ್ಪನ ಹೆಸರು ಕರಪತ್ರದಲ್ಲಿ! ಮುಂದಿನ ಪಾಳಿಗೆ ಬಂದು ಜಾಗ ಬಿಡಿಸೋ ರಿಲೀವರ್ ಬಂದಿಲ್ಲ ಅಂತ ಜ್ವರದಲ್ಲಿ ಹದಿನಾರು ಗಂಟೆ ನಿಂತವನ ಹೆಸರು!” ಎಂದು ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಟುಹೋದರು.

ಹೆಸರಿಲ್ಲದ ಕರಪತ್ರಕ್ಕೆ ಯಾರೂ ಹೆದರುವುದಿಲ್ಲ ಎಂದು ಅದೇ ಗುಲಾಬಿ ಕಾಗದಗಳಿಂದ ನಾನು ಕಲಿತಿದ್ದೆ. ಯಾರ ಹೆಸರಿಗೆ ಆ ಜಾಗ ಎಂಬುದನ್ನು ಕಲಿತಿರಲಿಲ್ಲ. ಓಣಿಯ ಬೇರೆಯವರಿಗೆ ಅದು ಕಾಯಿಲೆಯ ಸುದ್ದಿ; ನಿನ್ನ ಗೇಟಿನವರಿಗೆ ಅದು ಆರೋಪ. ರೋಗಿಯನ್ನು ನಾನು ಕಳ್ಳನ ಜಾಗದಲ್ಲಿ ನಿಲ್ಲಿಸಿದ್ದೆ.

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ಕಾಗದ ವಾಪಸು ಕೇಳಲು ಹೊರಟೆ. ಅರವತ್ತರಲ್ಲಿ ನಲವತ್ತೊಂದು ಸಿಕ್ಕವು. ಕ್ಷೌರದಂಗಡಿಯಲ್ಲಿ ಕೆಲವಕ್ಕೆ ಸೋಪಿನ ನೊರೆ ಒರೆಸಿ ಆಗಿತ್ತು. ಶೇಷಪ್ಪ ಬೋಂಡಾ ಕಟ್ಟಿಕೊಟ್ಟು ಮುಗಿಸಿದ್ದ. “ಒಳ್ಳೆ ಪೇಪರ್ರು ಕಣಮ್ಮ, ಎಣ್ಣೆ ಚೆನ್ನಾಗಿ ಹೀರ್ತು” ಅಂದ. ಆರೋಗ್ಯಕ್ಕೆ ಅಷ್ಟಾದರೂ ಉಪಕಾರವಾಯಿತಲ್ಲ! ನಿಮ್ಮಿಬ್ಬರ ಜೊತೆಗಾರ ಜನಾರ್ದನ ಮಾಮನ ಮನೆಗೆ ಹೋದಾಗ ಅವರು ಕಾಗದ ಕೊಡಲು ಹಿಂದೆಮುಂದೆ ನೋಡಿದರು. ಆಮೇಲೆ ಕಪಾಟಿನಿಂದ ತೆಗೆದರು; ಅದರ ಮಡಿಕೆಯೊಳಗೆ ಅವರದೇ ಲ್ಯಾಬ್ ರಿಪೋರ್ಟಿತ್ತು. ನಿನ್ನದಕ್ಕಿಂತ ಜಾಸ್ತಿ. ಇದನ್ನು ನಿನಗೆ ಬರೆಯಲು ಅವರ ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ. ನಿನ್ನ ಕರಪತ್ರ ಓದಿ ಮಾರನೆಯ ದಿನವೇ ರಕ್ತ ಪರೀಕ್ಷೆ ಮಾಡಿಸಿದರಂತೆ. ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಮಾಮ ಎಂದರೆ, “ನಿಮ್ಮಪ್ಪಂಗೆ ಆದ ಗತಿ ನೋಡಿದ ಮೇಲೆ ಯಾರು ಬಾಯಿ ಬಿಡ್ತಾರೆ ಮಾರಾಯ್ತಿ?” ಎಂದರು. ಎಲ್ಲರ ಬಾಯಿ ಬಿಡಿಸಲೆಂದು ಬರೆದ ಕಾಗದ ಎಲ್ಲರ ಬಾಯಿ ಮುಚ್ಚಿಸಿತ್ತು.

ಆ ವಿಷಯವನ್ನು ಜನಾರ್ದನ ಮಾಮ ತಾವೇ ಹೋಗಿ ಏಕಾಂತಪ್ಪ ಮಾಮನಿಗೆ ಹೇಳಿದರು. ಅವರು “ನನಗೆ ಆರು ವರ್ಷ ಆಯ್ತು ಕಣೋ” ಎಂದರಂತೆ. ಅಷ್ಟು ವರ್ಷ ಒಂದೇ ಮಿಲ್ಲಿನಲ್ಲಿ ಬೆವರು ಸುರಿಸಿದ ಮೂರು ಜನ ನೀವು, ಮೂವರಿಗೂ ಒಂದೇ ಕಾಯಿಲೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಟೀ ಅಂಗಡಿಯಲ್ಲಿ ಮೂವರೂ ಒಬ್ಬರಿಗೊಬ್ಬರು ಬಲವಂತ ಮಾಡಿ ಜಿಲೇಬಿ ತಿನ್ನಿಸಿಕೊಂಡು ಬಂದಿದ್ದೀರಿ!

ಈಗ ನಡೆಯುತ್ತಿರುವುದನ್ನು ಕೇಳು. ದೀಪಾವಳಿಯ ಮಾರನೆಯ ದಿನದಿಂದ ಶುರುವಾಗಿದೆ. ಒಟ್ಟಿಗೆ ನಡೆಯೋಣ ಎಂದರೆ ಒಬ್ಬರದು ಓಟ, ಇನ್ನೊಬ್ಬರದು ಕುಂಟು. ಒಂದೇ ದಿನಕ್ಕೆ ಜಗಳ. ಆಗ ಏಕಾಂತಪ್ಪ ಮಾಮ ಮಿಲ್ಲಿನ ಪಾಳಿಯ ಲೆಕ್ಕ ತಂದರು. ಮೂರು ಮನೆ, ಮೂರು ದಾರಿ. ಬೆಳಿಗ್ಗೆ ಆರಕ್ಕೆ ಅವರು ತಮ್ಮ ಮನೆಯಿಂದ ಜನಾರ್ದನ ಮಾಮನ ಮನೆಗೆ ನಡೆಯುತ್ತಾರೆ. ಅಲ್ಲಿಂದ ಜನಾರ್ದನ ಮಾಮ ನಮ್ಮ ಮನೆಗೆ. ನಮ್ಮ ಮನೆಯಿಂದ ಏಕಾಂತಪ್ಪ ಮಾಮನ ಮನೆಗೆ ಹೋಗುವ ದಾರಿ ನಿನ್ನದು. ಬಂದವರು ಡ್ಯೂಟಿ ಒಪ್ಪಿಸಿ, ಆ ಮನೆಯಲ್ಲಿ ಏನಿದೆಯೋ ಅದನ್ನು ಒಂದು ಬಟ್ಟಲು ತಿಂದು, ನಿಧಾನಕ್ಕೆ ತಮ್ಮ ಮನೆಗೆ ಹಿಂತಿರುಗಬೇಕು. ಒಂದು ಮನೆಯಲ್ಲಿ ಹೆಸರುಕಾಳು ಉಸಲಿ, ಇನ್ನೊಂದರಲ್ಲಿ ಸೌತೆಕಾಯಿ ಕೋಸಂಬರಿ, ನಮ್ಮಲ್ಲಿ ಅಮ್ಮ ಮಾಡುವ ನುಗ್ಗೆಸೊಪ್ಪಿನ ರಾಗಿರೊಟ್ಟಿ. ನಾನು ಅಳೆದು, ತೂಗಿ ಬಡಿಸಿದಾಗ ನೀನು ಮುಟ್ಟದೆ ಎದ್ದ ಅದೇ ರಾಗಿರೊಟ್ಟಿಯನ್ನು ಜನಾರ್ದನ ಮಾಮ “ಇನ್ನರ್ಧ ಹಾಕು ಯಲ್ಲಮ್ಮಾ” ಎಂದು ಕೇಳಿ ಹಾಕಿಸಿಕೊಳ್ಳುತ್ತಾರೆ. ನನ್ನ ಮುಖ ನೋಡಿ ಅಮ್ಮ ನಕ್ಕಳು. “ನೀನು ನಿಮ್ಮಪ್ಪನ ತಟ್ಟೆ ನೋಡ್ತಿದ್ದೆ, ಮುಖ ನೋಡ್ತಿರ್ಲಿಲ್ಲ” ಎಂದಳು. ಹೌದು ಅನ್ನಬೇಕಾಯಿತು. ಮಾಚೇನಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಮಧ್ಯಾಹ್ನ ಎಂಟು ಹುಡುಗಿಯರು ಡಬ್ಬಿಗಳನ್ನು ನಡುವೆ ಇಟ್ಟುಕೊಂಡು ಹಂಚಿ ತಿನ್ನುತ್ತೇವೆ. ಅಲ್ಲಿ ಯಾರೂ ಯಾರಿಗೂ ಅನ್ನ ಬೇಡ ಎಂದು ಹೇಳಿದ್ದಿಲ್ಲ, ಎಂಟು ಬಗೆಯ ಪಲ್ಯ ಬಂದು ಕೂತಾಗ ಅನ್ನಕ್ಕೆ ತಟ್ಟೆಯಲ್ಲಿ ಜಾಗ ತಾನಾಗಿ ಕಡಿಮೆಯಾಗುತ್ತದೆ. ದಿನವೂ ಕಣ್ಣೆದುರಿಗಿದ್ದದ್ದನ್ನು ಬಿಟ್ಟು ನಾನು ಮನೆಗೆ ಬಂದು ತಕ್ಕಡಿ ಹಿಡಿಯುತ್ತಿದ್ದೆ.

ಒಂದೇ ತೊಂದರೆ. ನಿನ್ನ ದಾರಿ ಖಾಲಿ ಇದೆ. ಜನಾರ್ದನ ಮಾಮ ನಮ್ಮ ಮನೆ ಮುಟ್ಟುತ್ತಾರೆ, ರೊಟ್ಟಿ ತಿನ್ನುತ್ತಾರೆ, ಬಾಗಿಲ ಕಡೆ ಒಮ್ಮೆ ನೋಡುತ್ತಾರೆ, ಮಂಡಿಗೆ ಪಟ್ಟಿ ಬಿಗಿದುಕೊಂಡು ನಿನ್ನ ದಾರಿಯನ್ನೂ ತಾವೇ ನಡೆಯಲು ಎದ್ದು ನಿಲ್ಲುತ್ತಾರೆ. ಸಾಕು, ಮನೆಗೆ ಹೋಗಿ ಎಂದು ಅಮ್ಮ ದಿನವೂ ಹೇಳುತ್ತಾಳೆ. “ರಿಲೀವರ್ ಬರದೆ ಜಾಗ ಬಿಡೋದು ಹೇಗಮ್ಮ?” ಎನ್ನುತ್ತಾರೆ. ಅಪ್ಪನ ಬದಲಿಗೆ ನಾನು ಹೋಗ್ತೀನಿ ಮಾಮ ಅಂದೆ. “ನೀನು ಬೇರೆ ಡಿಪಾರ್ಟ್‌ಮೆಂಟ್ ಮಾರಾಯ್ತಿ, ಸುಮ್ನಿರು” ಎಂದರು. ಕಳೆದ ಗುರುವಾರ ಹಳೆಯ ಸೇತುವೆಯ ಹತ್ತಿರ ಮಂಡಿ ಹಿಡಿದುಕೊಂಡು ಕೂತಿದ್ದರಂತೆ. ಶುಕ್ರವಾರ ಮತ್ತೆ ಬಂದರು.

ಸಕ್ಕರೆ ಶತ್ರುವೇ ಅಪ್ಪಾ, ಅದರಲ್ಲಿ ನಾನು ಬದಲಾಗಿಲ್ಲ. ಕೂತಲ್ಲೇ ಕೂತರೆ ಅದು ಬೆಳೆಯುತ್ತದೆ ಎಂಬುದೂ ಸತ್ಯ. ನಿನ್ನ ಹೆಸರನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಲವತ್ತೊಂದು ಕಾಗದಗಳನ್ನೂ ನಿನ್ನ ಗೆಳೆಯರಿಬ್ಬರ ಎದುರಿಗೇ ನೀರೊಲೆಗೆ ಹಾಕಿದೆ. “ಇವತ್ತು ಸ್ನಾನದ ನೀರು ಚೆನ್ನಾಗಿ ಕಾಯುತ್ತೆ” ಎಂದರು ಏಕಾಂತಪ್ಪ ಮಾಮ. ಅವತ್ತಿನಿಂದ ನನ್ನ ಜೊತೆ ಮಾತಾಡುತ್ತಿದ್ದಾರೆ. ನೀನೂ ಮಾತಾಡುತ್ತೀಯ ಎಂದು ನನಗೆ ಗಟ್ಟಿ ನಂಬಿಕೆ ಇದೆ. ಬೈಗುಳದಿಂದ ಶುರುಮಾಡಿದರೂ ಸರಿ.

ಅಮ್ಮ ಚೆನ್ನಾಗಿದ್ದಾಳೆ, ನಿನ್ನ ಕಂಬಳಿಯನ್ನು ಬಿಸಿಲಿಗೆ ಹಾಕಿದ್ದಾಳೆ. ಅಕ್ಕನಿಗೆ, ಭಾವನಿಗೆ ನನ್ನ ನೆನಪು ತಿಳಿಸು. ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತೇನೆ, ಆಶೀರ್ವಾದ ಮಾಡುವ ಮನಸ್ಸಾದಾಗ ಮಾಡು.

ನಿನ್ನ ಮಗಳು,
ಕವನ

ಮರೆತಿದ್ದೆ: ಪೋಸ್ಟ್ ಡಬ್ಬಿ ತೆಗೆಯುವ ಹೊತ್ತಾಯಿತು, ಏಕಾಂತಪ್ಪ ಮಾಮ ಬಾಗಿಲಲ್ಲಿ ನಿಂತು “ಅಷ್ಟುದ್ದ ಏನೇ ಬರೆದಿದೀಯ, ಕೆಲಸದ ಮಾತು ಹಾಕಿದ್ಯಾ ಇಲ್ವಾ?” ಎಂದು ಗದರುತ್ತಿದ್ದಾರೆ. ಕೆಲಸದ ಮಾತು ಇದು. ಈ ಭಾನುವಾರದ ಡ್ಯೂಟಿಯನ್ನು ಶಿವಮೊಗ್ಗಕ್ಕೆ ಹಾಕಿದ್ದಾರೆ. ಇಬ್ಬರೂ ಮೊದಲ ಬಸ್ಸಿಗೆ ಹೊರಡುತ್ತಾರೆ, ರೊಟ್ಟಿಯ ಬುತ್ತಿ ಹೊರಲು ನಾನೂ ಬರುತ್ತೇನೆ. ಅಕ್ಕನ ಮನೆಗೆ ಬಂದು ನಿನ್ನನ್ನು ಕರೆಯುವುದಿಲ್ಲವಂತೆ, ರಿಲೀವರನ್ನು ಮನೆಗೆ ಹೋಗಿ ಕರೆತರುವ ಪದ್ಧತಿ ಮಿಲ್ಲಿನಲ್ಲಿ ಇರಲಿಲ್ಲವಂತೆ. ನೀನು ಬಾರದಿದ್ದರೆ ನಿನ್ನ ಪಾಲಿನ ಗುಡ್ಡವನ್ನೂ ಜನಾರ್ದನ ಮಾಮನೇ ಹತ್ತುತ್ತಾರೆ. ಭಾನುವಾರ, ನವೆಂಬರ್ ಹದಿನಾರು, ಬೆಳಿಗ್ಗೆ ಏಳು ಗಂಟೆಗೆ, ರಾಗಿಗುಡ್ಡದ ಬುಡದಲ್ಲಿ.