ಗೇಟಿನ ಕಣ್ಣು

ಕೊತ್ತತ್ತಿ
5-12-2025, ಶುಕ್ರವಾರ

ಮಗಳೇ ಚಂದನ,

ನಿನ್ನ ಅತ್ತೆ ಹೊಂಬಾಳಮ್ಮ, ನಿನ್ನ ತಲೆ ಸವರಿ ಬರೆಯುತ್ತಿದ್ದೇನೆ. ಹೇಗಿದ್ದೀಯ ಅಂತ ಕೇಳುವುದಕ್ಕೇ ನಾಚಿಕೆ, ಕೇಳದೆಯೂ ಇರಲಾರೆ. ಜ್ವರ ಬಿಟ್ಟಿತೇ? ರಾತ್ರಿ ಒಂದಿಷ್ಟಾದರೂ ಕಣ್ಣು ಮುಚ್ಚುತ್ತೀಯಾ? ನಿಮ್ಮಮ್ಮ ಮೊನ್ನೆ ಫೋನಿನಲ್ಲಿ ಅತ್ತರು. "ಬಲಗೈಯ ತಟ್ಟೆಗೇ ಇಡಾಕಿಲ್ಲ ಕಣಕ್ಕ, ಸೆರಗಲ್ಲಿ ಸುತ್ಕಂಡು ಕುಂತಿರ್ತಾಳೆ, ನಾನೇ ತುತ್ತು ಮಾಡಿ ಬಾಯ್ಗಿಡ್ಬೇಕು" ಅಂದರು. ನೀನು ಫೋನು ಎತ್ತುವುದಿಲ್ಲ, ಎತ್ತಿದರೂ ಇದು ಫೋನಿನಲ್ಲಿ ಹೇಳುವ ಮಾತಲ್ಲ. ಅದಕ್ಕೇ ಕಾಗದ. ಹತ್ತನೇ ಕ್ಲಾಸಿಗೇ ಬಿಟ್ಟ ಅಕ್ಷರ, ಕೋಳಿ ಕೆದರಿದ ಹಾಗಿದೆ. ಟೀಚರಮ್ಮ ನೀನು, ಕೆಂಪು ಪೆನ್ನು ಹಿಡಿಯಬೇಡ.

ಇಲ್ಲಿ ಕಬ್ಬು ಕಟಾವಿಗೆ ಬಂದಿದೆ, ಯಾರೂ ಗದ್ದೆ ಕಡೆ ತಲೆ ಹಾಕಿಲ್ಲ. ಅಪ್ಪುಗೆ ಅಂತ ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟುವುದು ನನ್ನ ಕೈಗೆ ರೂಢಿಯಲ್ಲವೇ, ಮೊನ್ನೆಯೂ ಕಟ್ಟಿ ಅವನ ತಟ್ಟೆಯಲ್ಲಿ ಇಟ್ಟುಬಿಟ್ಟೆ. ನಾಯಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ನಾನೇ ನುಂಗಿದೆ. ನಾಲ್ಕು ವರ್ಷದ ಕೂಸು ಈ ಮನೆಯನ್ನು ಹೇಗೆ ತುಂಬಿಕೊಂಡಿತ್ತು ಅಂತ ಈಗ ತಿಳಿಯುತ್ತಿದೆ. ಅಳು ಬಂದಾಗ ಕೊಟ್ಟಿಗೆಗೆ ಹೋಗಿ ಅತ್ತು ಬರುತ್ತೇನೆ.

ಅಪ್ಪುವಿನ ಮಣ್ಣಿಗೆ ಹಾಲುತುಪ್ಪ ಬಿಟ್ಟ ಮರುದಿನ ತವರಿಗೆ ಹೊರಡುವಾಗ "ನನ್ ಕೈಯಲ್ಲೇ ಹೋಯ್ತಲ್ಲ ಅತ್ತೆ" ಅಂದೆಯಲ್ಲ, ಆ ಮಾತಿಗೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ಗಮನವಿಟ್ಟು ಓದು. ಮಳೆಯಲ್ಲಿ ಕಾರಿಂದ ಇಳಿದು ಗೇಟು ಎಳೆಯುವ ಕಷ್ಟ ನಿನಗೆ ಬೇಡ ಅಂತ ನನ್ನ ಮಗ ಜಯಪ್ರಕಾಶ ಆ ಮೋಟಾರಿನ ಗೇಟು ಹಾಕಿಸಿದ. ಮಂಡ್ಯದಿಂದ ಬಂದು ಕೂರಿಸಿದ ಚಲುವರಾಜು ಅವತ್ತು ನಮ್ಮೆಲ್ಲರನ್ನೂ ನಿಲ್ಲಿಸಿ ತೋರಿಸಿದ್ದ. ಎರಡೂ ಕಂಬದಲ್ಲಿ ಮೊಣಕಾಲೆತ್ತರಕ್ಕೆ ಒಂದೊಂದು ಕಣ್ಣಿದೆ, ನಡುವೆ ಏನು ಅಡ್ಡ ಬಂದರೂ ಮುಚ್ಚುತ್ತಿರುವ ಗೇಟು ನಿಂತು ಹಿಂದಕ್ಕೆ ಹೋಗುತ್ತದೆ ಅಂತ. ನಮ್ಮ ಸಗಣಿ ಪುಟ್ಟಿಯನ್ನೇ ಅಡ್ಡ ಇಟ್ಟು ತೋರಿಸಿದ. ಅಪ್ಪುಗೆ ಅದೇ ಆಟವಾಯಿತು. ಅಡ್ಡ ನಿಲ್ಲುವುದು, ಗೇಟು ಹಿಂದೆ ಹೋದರೆ ಕುಣಿಯುವುದು, "ಅಜ್ಜಿ, ನನ್ ಮಾತು ಕೇಳ್ತದೆ" ಅನ್ನುವುದು. ನೀನು ಗದರಿಸಿದ ಮೇಲೆ ಆ ಆಟ ಬಿಟ್ಟ, ಆದರೆ ಗೇಟಿನ ಮೇಲಿನ ನಂಬಿಕೆ ಬಿಟ್ಟಿರಲಿಲ್ಲ. ಆ ಸೋಮವಾರ ನೀನು ಅವನನ್ನು ಜಗಲಿ ಮೇಲೆ ಕೂರಿಸಿ, ಕಾರು ರಸ್ತೆಗಿಳಿಸಿ, ಅವನು ಕೂತಿರುವುದನ್ನು ನೋಡಿಯೇ ರಿಮೋಟು ಒತ್ತಿದೆ. ಎದುರುಮನೆ ಮರಿಸಿದ್ದಯ್ಯ ಕಂಡಿದ್ದಾರೆ, ಅವನು ಟಾಟಾ ಮಾಡುತ್ತಾ ಓಡಿಬಂದು ನಗುತ್ತಲೇ ಅಡ್ಡ ನಿಂತನಂತೆ. ಗೇಟು ನಿಲ್ಲಲಿಲ್ಲ.

ಆ ಮೋಟಾರು ಕಿತ್ತುಹಾಕು ಬಾ ಅಂತ ನಿನ್ನೆ ಚಲುವರಾಜುವನ್ನು ಕರೆಸಿದೆ. ಡಬ್ಬಿ ಮುಚ್ಚಳ ತೆಗೆದವನು ಅಲ್ಲೇ ನಿಂತುಬಿಟ್ಟ. "ಇದ್ಯಾರಮ್ಮ ಮಾಡಿದ್ದು? ಕಣ್ಣಿನ ವೈರೆರಡ್ನೂ ಸೇರ್ಸಿ ಟೇಪ್ ಸುತ್ತವ್ರೆ. ಗೇಟು ಕುರುಡಾಗೋಗದೆ" ಅಂದ. ಆಗ ಆಯುಧಪೂಜೆ ನೆನಪಾಯಿತು. ಅವತ್ತು ಗೇಟಿನ ಎರಡು ಕಂಬಕ್ಕೂ ಬಾಳೆಕಂಬ ಕಟ್ಟಿದ್ದೆವಲ್ಲ, ಮಧ್ಯಾಹ್ನದ ಹೊತ್ತಿಗೆ ಎಲೆ ಬಾಡಿ ಇಳಿದು ಗಾಳಿಗೆ ಆ ಕಣ್ಣಿನ ಮುಂದೆ ಆಡುತ್ತಿತ್ತು. ಗೇಟು ಅರ್ಧಕ್ಕೆ ಬರುವುದು, ವಾಪಸ್ ಹೋಗುವುದು. ಬೀದಿ ದನ ನುಗ್ಗಿ ಬಾಳೆಗೆ ಬಾಯಿ ಹಾಕುತ್ತಿದ್ದವು. ಪೂಜೆ ಮಾಡಿದ ಬಾಳೆಕಂಬವನ್ನು ಅದೇ ದಿನ ಬಿಚ್ಚುವವರುಂಟೇ? ಎಲೆ ಸವರಲೂ ಯಾರಿಗೂ ಮನಸ್ಸಾಗಲಿಲ್ಲ. ಪಂಪ್‌ಸೆಟ್ಟು ಮೊಂಡು ಹಿಡಿದರೆ ಎರಡು ವೈರು ಸೇರಿಸಿ ಓಡಿಸುವುದು ನಮ್ಮ ಕಡೆ ಗಂಡಸರಿಗೆಲ್ಲ ಕರಗತ. ಇಲ್ಲಿಯೂ ಹಾಗೇ ಆಗಿದೆ. ಮರುದಿನ ಬಾಳೆಕಂಬ ಹಸುವಿಗೆ ಹಾಕಿದೆವು, ವೈರು ಹಾಗೇ ಉಳಿಯಿತು. ಆಗಾಗ ಏನಾದರೂ ಅಡ್ಡ ಇಟ್ಟು ಕಣ್ಣು ಕೆಲಸ ಮಾಡುತ್ತಿದೆಯೇ ನೋಡುತ್ತಿರಬೇಕಿತ್ತಂತೆ. ನಮಗೆ ಯಾರಿಗೆ ಹೊಳೆಯಿತು?

ಯಾರು ಸೇರಿಸಿದರು ಅಂತ ಕೇಳಬೇಡ. ಕೇಳಿದರೆ ಮಗು ಬರುವುದಿಲ್ಲ. ನೀನು ಒತ್ತಿದ್ದು ದಿನವೂ ಒತ್ತುವ ಗುಂಡಿಯನ್ನು. ಕಣ್ಣಿರುವ ಗೇಟೆಂದು ನಂಬಿ ಒತ್ತಿದೆ. ಆ ಕೈಯ ಮೇಲೆ ಯಾವ ಪಾಪವೂ ಇಲ್ಲ, ಅದನ್ನು ಸೆರಗಿನಿಂದ ಬಿಚ್ಚು. ಮೋಟಾರು ಕೀಳಿಸಿದ್ದೇನೆ, ಈಗ ಗೇಟನ್ನು ಕೈಯಲ್ಲೇ ತಳ್ಳುತ್ತೇವೆ. ಯಾವಾಗ ಬರಬೇಕೆನ್ನಿಸುತ್ತದೋ ಆಗ ಬಾ. ಸೊಸೆಯಾಗಿ ಬರಲು ಮನಸ್ಸಿಲ್ಲದಿದ್ದರೆ ನನ್ನ ಮಗಳಾಗಿ ಬಾ.

ನಿಮ್ಮಮ್ಮನಿಗೆ ನನ್ನ ಕೈಮುಗಿದ ನಮಸ್ಕಾರ ಹೇಳು. ಮನೆದೇವರು ನಿನ್ನನ್ನಾದರೂ ನನಗೆ ಉಳಿಸಿಕೊಡಲಿ.

ನಿನ್ನ ಅತ್ತೆ,
ಹೊಂಬಾಳಮ್ಮ

ಮತ್ತೆ: ಮಡಿಸಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಕೇಳಬೇಡ ಅಂದೆನಲ್ಲ, ಹೆತ್ತ ಕರುಳು ಹಾಗೆ ಬರೆಸಿತು. ನಿನಗೆ ಮುಚ್ಚಿಡುವುದು ಅನ್ಯಾಯ. ಸೇರಿಸಿದವನು ಜಯಪ್ರಕಾಶ. ನಿನ್ನೆ ಡಬ್ಬಿ ತೆಗೆದಾಗಲೇ ಅವನಿಗೂ ನೆನಪಾದದ್ದು. "ಅವ್ವ, ಮಗೀನ ತಿಂದ್ಕಂಡೋನು ನಾನೇ ಕಣವ್ವ" ಅಂತ ಗೇಟಿನ ಹಳಿ ಮೇಲೆ ಕುಸಿದ, ಆಮೇಲೆ ಅನ್ನ ಮುಟ್ಟಿಲ್ಲ. ಈ ಕಾಗದ ತಂದವನು ಅವನೇ. ಏನು ಬರೆದಿದ್ದೇನೆಂದು ಅವನಿಗೆ ಗೊತ್ತು. ಒಳಗೆ ಬರುವುದಿಲ್ಲ, ನೀನು ಓದಿ ಮುಗಿಸುವ ತನಕ ಬೀದಿಯಲ್ಲೇ ನಿಂತಿರುತ್ತಾನೆ. ಕ್ಷಮಿಸು ಅಂತ ನಾನು ಕೇಳಲಾರೆ. ಬೈಯಬೇಕೆನಿಸಿದರೆ ಬೈಯಿ, ಮುಖ ನೋಡದೆ ವಾಪಸ್ ಕಳಿಸು, ನಿನ್ನಿಷ್ಟ. ಒಂಟಿಯಾಗಿ ಮಾತ್ರ ಕಳಿಸಬೇಡ ಕಣವ್ವ, ನಿಮ್ಮಣ್ಣನನ್ನು ಮನೆಯವರೆಗೂ ಜೊತೆ ಮಾಡು. ಕಾಗದ ಕೈಯಲ್ಲಿರುವ ತನಕ ಅವನು ಎಲ್ಲಿಗೂ ಹೋಗುವುದಿಲ್ಲ, ನಿನಗೆ ಮುಟ್ಟಿಸಲೇಬೇಕು ಅಂತ ಆಣೆ ಹಾಕಿಸಿಕೊಂಡಿದ್ದೇನೆ. ಈಗ ಕಾಗದ ನಿನ್ನ ಕೈಗೆ ಬಂದಿದೆ, ಅವನು ವಾಪಸ್ ಬರುವ ದಾರಿಯುದ್ದಕ್ಕೂ ಆಳದ ನಾಲೆ.