ನೀರಾನೆಗೂ ನೀರಿಗೂ ನಡುವೆ ನನ್ನಪ್ಪನನ್ನು ನಿಲ್ಲಿಸಬೇಡಿ

ಮೃಗಾಲಯದ ಮೇಲಧಿಕಾರಿಗಳೇ,

ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನೀರಾನೆಯನ್ನು ಕೊಳಕ್ಕೆ ಇಳಿಯಲು ಬಿಡಬಾರದು, ಪಾಲಕನು ಮೆಟ್ಟಿಲ ಬಳಿ ನಿಂತು ತಡೆಯತಕ್ಕದ್ದು ಎಂದು ತಾವು ಆದೇಶ ಹೊರಡಿಸಿದ್ದೀರಿ. ಆ ಪಾಲಕ ನನ್ನ ಅಪ್ಪ ಬೀರ. ಈ ಆದೇಶ ಅವರನ್ನು ಕೊಲ್ಲುತ್ತದೆ. ಇದನ್ನು ಹೇಳಲು ಮೂರು ಸಲ ತಮ್ಮ ಕಚೇರಿಗೆ ಬಂದೆ. ಮೂರು ಸಲವೂ ಬಾಗಿಲಿಂದಲೇ ಹಿಂತಿರುಗಿದೆ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಜನರಿಗೆ ಪೂರ್ತಿ ಪ್ರಾಣಿ ಕಾಣಬೇಕಂತೆ. ನ್ಯಾಯವೇ. ಟಿಕೆಟ್ ಕೊಂಡವರಿಗೆ ಬರೀ ಕಣ್ಣು, ಕಿವಿ, ಮೂಗಿನ ಹೊಳ್ಳೆ ತೋರಿಸಿ ಕಳಿಸುವುದು ಮೋಸ! ಆದರೆ ದೇವರು ಅವನ್ನೆಲ್ಲ ತಲೆಯ ಮೇಲ್ಗಡೆಯೇ ಇಟ್ಟದ್ದು ಹಗಲೆಲ್ಲ ನೀರಲ್ಲಿ ಮುಳುಗಿರಲೆಂದೇ ಅಲ್ಲವೇ? ನಮ್ಮ ನೀರಾನೆ ಗೌರಿ ನಿದ್ದೆಯಲ್ಲೂ ಆಗಾಗ ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗುತ್ತಾಳೆ. ಸಂಜೆ ಹೊರಬಂದು, ನಾನು ಕೊಯ್ದು ತಂದ ಹುಲ್ಲನ್ನು ಅಗಲ ತುಟಿಯಲ್ಲಿ ಬಾಚಿಕೊಂಡು ತಿನ್ನುತ್ತಾಳೆ. ಅವಳ ಮೈಯಿಂದ ಕೆಂಪಗೆ ಜಿನುಗುವುದು ರಕ್ತವಲ್ಲ, ಚರ್ಮ ಕಾಯುವ ರಸ ಎಂದು ಡಾಕ್ಟರು ಹೇಳಿದ್ದರು. ಈಗ ತಾವು ನಿಲ್ಲಿಸಿದ ಬಿಸಿಲಿಗೆ ಆ ರಸವೂ ಸಾಲದೆ ಬೆನ್ನು ಬಿರಿದಿದೆ.

ಅಪ್ಪ ಭಯ ಹೇಳಿಕೊಂಡಾಗ ತಾವು ಏನೆಂದಿರಿ? "ಎಮ್ಮೆ ಮೇಯಿಸಿ ಬಂದವನಲ್ಲವೇನಯ್ಯ ನೀನು? ಇದೂ ಅಂಥದ್ದೇ. ಮೂತಿಗೆ ಕೋಲು ತಟ್ಟು." ತಪ್ಪು ನಮ್ಮಲ್ಲೂ ಇತ್ತು. ಮೊದಲ ವರ್ಷ ಅಪ್ಪನೂ ಹಾಗೇ ತಿಳಿದು, ಹೊಂಡದಿಂದ ಎಮ್ಮೆ ಎಬ್ಬಿಸುವಂತೆ "ಹೋಯ್, ಏಳೇ" ಎಂದು ಗದರಲು ಹೋಗಿ ತೊಡೆಮೂಳೆ ಮುರಿದುಕೊಂಡರು. ಎಮ್ಮೆ ಕೋಲಿಗೆ ದಾರಿ ಬಿಡುತ್ತದೆ. ನೀರಾನೆ ತನಗೂ ನೀರಿಗೂ ನಡುವೆ ನಿಂತವರನ್ನು ಬಿಡುವುದಿಲ್ಲ. ಅಂದಿನಿಂದ ಅಪ್ಪ ಗೋಡೆಯ ಬದಿಯಲ್ಲೇ ನಡೆಯುತ್ತಿದ್ದರು.

ಕಳೆದ ಭಾನುವಾರ ಆದೇಶದಂತೆ ಮೆಟ್ಟಿಲ ಬಳಿ ನಿಂತರು. ಗೌರಿ ಬಾಯಿ ತೆರೆದಳು. ಮೊಳದುದ್ದದ ಕೋರೆಗಳು. ಚಂದಗುಳಿ ದೇವಸ್ಥಾನಕ್ಕೆ ಗಂಟೆಯ ಹರಕೆ ಒಪ್ಪಿಸಿ ಬಂದಿದ್ದ ಹಾವೇರಿ ಕಡೆಯವರೊಬ್ಬರು ಬೇಲಿಯಾಚೆ ನಕ್ಕರು: "ನೋಡ್ರಿ, ಪಾಪ, ನಿದ್ದಿ ಬಂದೈತಿ ಅದಕ್ಕ!" ಮಕ್ಕಳು ಚಪ್ಪಾಳೆ ತಟ್ಟಿದರು. ಅಪ್ಪ ಬದಿಗೆ ಹಾರಿದರು. ಅವರ ಕೈಯಲ್ಲಿದ್ದ ಬಿದಿರ ಕೋಲು ಅವಳ ಕೋರೆಗೆ ಸಿಕ್ಕಿ ಸೀಳಿಹೋಯಿತು.

ಮನೆಗೆ ಬಂದ ಅಪ್ಪ ಅನ್ನ ಮುಟ್ಟಲಿಲ್ಲ.

"ಅದು ಆಕಳಿಕೆ ಅಲ್ದೇ ಮಗಾ. ದಾರಿ ಬಿಡು ಅಂದದ್ದು. ಒಂದ್ಸಲ ಹೇಳ್ತು. ಮತ್ತೆ ಹೇಳೂದಿಲ್ಲ."

"ಹಂಗಾರೆ ಹೋಗ್ಬೇಡ ಅಪ್ಪಾ."

"ಎಂತ ಮಾಡೂದೇ? ಸಾಹೇಬ್ರು ಬರ್ದೇ ಕೊಟ್ಬಿಟ್ರು."

ಬುಧವಾರ ಕಚೇರಿಯಿಂದ ಪರಿಹಾರ ಬಂತು: ಬಿದಿರಿನ ಬದಲಿಗೆ ಕಬ್ಬಿಣದ ಸಲಾಕೆ. ಎಂಥ ಕರುಣೆ! ಬೇಲಿಯ ಬಳಿ ಮಕ್ಕಳು ಹತ್ತಿ ನೋಡಲು ಹೊಸ ಕಟ್ಟೆಯೂ ಏಳುತ್ತಿದೆ. ಆ ಮಕ್ಕಳು ಏನನ್ನು ನೋಡಲಿದ್ದಾರೆ ಎಂದು ತಾವು ಒಮ್ಮೆಯಾದರೂ ಯೋಚಿಸಿದ್ದೀರಾ?

ಶನಿವಾರ ಸಂಜೆಯೊಳಗೆ ಆದೇಶ ಹಿಂಪಡೆಯಿರಿ. ಇಲ್ಲವಾದರೆ, ಮುಂದೆ ಆಗುವುದಕ್ಕೆ ಗೌರಿಯ ಮೇಲೆ ತಪ್ಪು ಹೊರಿಸಬೇಡಿ. ಅವಳು ಎಚ್ಚರಿಕೆ ಕೊಟ್ಟಾಗಿದೆ. ಈಗ ನಾನೂ ಕೊಟ್ಟಿದ್ದೇನೆ.

ಇಂತಿ,
ಭಾನುವಾರವೂ ಹುಲ್ಲು ಹೊತ್ತು ಅದೇ ಬೇಲಿಯ ಬಳಿ ನಿಲ್ಲಬೇಕಾದ
ತನುಜಾ, ಕಾನಸೂರು